ಎರಡೂ ಒತ್ತಿದರೆ ದೀಪ: ಬೆಂಗಳೂರಿನಲ್ಲಿ ನಾಲ್ಕು ದಿನ

"ಕಂಪ್ಯೂಟರ್ ಓದೋರಿಗೆ ಫಿಸಿಕ್ಸ್ ಯಾಕೆ ದೊಡ್ಡಮ್ಮ?"

ಜನವರಿಯಲ್ಲಿ ತಂಗಿಯ ಮಗಳು ಫೋನಿನಲ್ಲಿ ಕೇಳಿದ ಮಾತು ಇದು. ಮನೆಯಲ್ಲೆಲ್ಲ ಅವಳನ್ನು ಪುಟ್ಟಿ ಅಂತಲೇ ಕರೆಯುವುದು. ಬೆಂಗಳೂರಿನಲ್ಲಿ ಕಂಪ್ಯೂಟರ್ ಸೈನ್ಸ್ ಮೊದಲ ವರ್ಷ. ಫಿಸಿಕ್ಸ್ ಇಂಟರ್ನಲ್ಸ್‌ನಲ್ಲಿ ಅಂಕ ಕಡಿಮೆ ಬಂದು ಬೇಜಾರಾಗಿದ್ದಳು. ನಾನು ಅರಸೀಕೆರೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡುತ್ತಿದ್ದೇನೆ. ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಅದನ್ನು ಫೋನಿನಲ್ಲಿ ಹೇಳಿ ಮುಗಿಸಲು ಮನಸ್ಸಾಗಲಿಲ್ಲ. "ಫೆಬ್ರವರಿ ಕೊನೆಗೆ ಬರ್ತೀನಿ. ನಾಲ್ಕು ದಿನ ನನ್ನ ಜೊತೆ ಸುತ್ತು" ಅಂದೆ. ಆ ಹೊತ್ತಿಗೆ ನಮ್ಮ ಮಕ್ಕಳಿಗೆ ಪರೀಕ್ಷೆಗೆ ಓದಿಕೊಳ್ಳಲು ರಜೆ ಬಿಟ್ಟಿರುತ್ತಾರೆ. ಅದೇ ವಾರದ ಶನಿವಾರ ಭಾರತೀಯ ವಿಜ್ಞಾನ ಸಂಸ್ಥೆಯ ಓಪನ್ ಡೇ, ಅಂದರೆ ಎಲ್ಲರನ್ನೂ ಒಳಗೆ ಬಿಟ್ಟು ಪ್ರಯೋಗಾಲಯ ತೋರಿಸುವ ದಿನ ಕೂಡ ಇತ್ತು.

ಮೊದಲನೆಯ ದಿನ, ಗುರುವಾರ

ಬೆಳಗಿನ ರೈಲಿಗೆ ಹೊರಟು ಯಶವಂತಪುರದಲ್ಲಿ ಇಳಿದೆ. ತಮ್ಮನ ಮನೆ ಮಲ್ಲೇಶ್ವರದಲ್ಲಿ. ಚೀಲ ಇಟ್ಟು, ಪುಟ್ಟಿಯನ್ನು ಕರೆದುಕೊಂಡು ಸೀದಾ ಮಾರ್ಗೋಸಾ ರಸ್ತೆಗೆ ಹೋದೆ. ಸಿಟಿಆರ್‌ನಲ್ಲಿ ಬೆಣ್ಣೆ ಮಸಾಲೆ. ಹೊರಗೆ ಗರಿಗರಿ, ಒಳಗೆ ಮೆತ್ತಗೆ, ಬೆರಳಿಗೆಲ್ಲ ಬೆಣ್ಣೆ. ಶನಿವಾರ ಭಾನುವಾರ ಅಲ್ಲಿ ನಿಂತು ನಿಂತು ಕಾಲು ನೋಯುತ್ತದೆ. ವಾರದ ನಡುವೆ, ಹತ್ತು ಗಂಟೆಯ ಮೇಲೆ ಹೋದರೆ ಕೂರಲು ಜಾಗ ಬೇಗ ಸಿಗುತ್ತದೆ.

ಅಲ್ಲಿಂದ ಸ್ಯಾಂಕಿ ಕೆರೆಯ ಏರಿ ಮೇಲೆ ನಡೆದೆವು. ಬಿಸಿಲು ಏರುತ್ತಿತ್ತು. ಆದರೂ ಕೆರೆ ಕಡೆಯಿಂದ ತಣ್ಣನೆ ಗಾಳಿ. ಟಬೆಬುಯಾ ಮರಗಳು ಎಲೆ ಉದುರಿಸಿ ಮೈತುಂಬ ಗುಲಾಬಿ ಹೂ ಬಿಟ್ಟಿದ್ದವು. ಬೆಂಗಳೂರಿಗೆ ಬರಬೇಕಾದರೆ ಈ ತಿಂಗಳಲ್ಲೇ ಬರಬೇಕು. ಸದಾಶಿವನಗರ ದಾಟುವಷ್ಟರಲ್ಲಿ ಸುಸ್ತಾಗಿ ಆಟೊ ಹಿಡಿದು, ಮೇಖ್ರಿ ಸರ್ಕಲ್ ಹತ್ತಿರದ ರಾಮನ್ ಸಂಶೋಧನಾ ಸಂಸ್ಥೆಗೆ ಬಂದೆವು. ಇದು ಟಿಕೆಟ್ ತೆಗೆದುಕೊಂಡು ಒಳಗೆ ಹೋಗುವ ಜಾಗ ಅಲ್ಲ. ಮೊದಲೇ ಬರೆದು ಕೇಳಬೇಕು. ನಾನು ಮೂರು ವಾರ ಮುಂಚೆ ಬರೆದಿದ್ದೆ.

ಒಳಗೆ ಕಾಲಿಟ್ಟರೆ ಮೇಖ್ರಿ ಸರ್ಕಲ್‌ನ ಹಾರ್ನ್ ಸದ್ದು ಮರಗಳ ಹಿಂದೆ ಉಳಿದುಬಿಡುತ್ತದೆ. ಸಿ.ವಿ. ರಾಮನ್ 1948ರಲ್ಲಿ ಕಟ್ಟಿದ ಸಂಸ್ಥೆ ಇದು. 1970ರ ನವೆಂಬರ್ 21ರಂದು ಅವರು ತೀರಿಕೊಂಡರು. ಅಂತ್ಯಕ್ರಿಯೆ ನಡೆದದ್ದು ಇದೇ ಆವರಣದಲ್ಲಿ. ಅಲ್ಲಿ ಗೋರಿ ಇಲ್ಲ, ಮಂಟಪ ಇಲ್ಲ. ಒಂದು ಮರ ಇದೆ, ಅಷ್ಟೇ. ಹತ್ತಿರದಲ್ಲಿ ಒಬ್ಬ ಹೆಂಗಸು ತರಗೆಲೆ ಗುಡಿಸುತ್ತಿದ್ದರು. "ಫೋಟೊ ತೆಗೀಬೇಕಾ ಅಕ್ಕ? ಸ್ವಲ್ಪ ತಡೀರಿ, ಇಲ್ಲಿ ಕಸ ಎತ್ತಿಬಿಡ್ತೀನಿ" ಅಂದರು. ಎತ್ತಿಯೂ ಬಿಟ್ಟರು. ನನಗೆ ಫೋಟೊಕ್ಕಿಂತ ಆ ಮಾತು ಹೆಚ್ಚು ನೆನಪಿದೆ.

ಮರದ ಕೆಳಗೆ ಪುಟ್ಟಿಗೆ 1928ರ ಕಥೆ ಹೇಳಿದೆ. ಆ ವರ್ಷ ಫೆಬ್ರವರಿ 28ರಂದು ಕೋಲ್ಕತ್ತದಲ್ಲಿ ರಾಮನ್ ಪರಿಣಾಮ ಸಿಕ್ಕಿತು ಅನ್ನುವುದು ಎಲ್ಲರಿಗೂ ಗೊತ್ತು. ಅದೇ ವರ್ಷ ಜರ್ಮನಿಯಲ್ಲಿ ಇನ್ನೂ ಎರಡು ಕೆಲಸ ನಡೆದವು. ಲೈಪ್‌ಜಿಗ್‌ನಲ್ಲಿ ಫೆಲಿಕ್ಸ್ ಬ್ಲಾಕ್ ಅನ್ನುವ ಹುಡುಗ, ಹರಳಿನೊಳಗೆ ಎಲೆಕ್ಟ್ರಾನ್ ಹೇಗೆ ಓಡಾಡುತ್ತದೆ ಎಂದು ಕ್ವಾಂಟಂ ಲೆಕ್ಕ, ಅಂದರೆ ಅತಿ ಸಣ್ಣ ಕಣಗಳ ನಿಯಮದ ಲೆಕ್ಕ, ಹಾಕಿದ. ಕೀಲ್ ಊರಿನಲ್ಲಿ ಹ್ಯಾನ್ಸ್ ಗೈಗರ್ ಮತ್ತು ಅವರ ಶಿಷ್ಯ ವಾಲ್ಟರ್ ಮುಲ್ಲರ್, ಕಣ್ಣಿಗೆ ಕಾಣದ ಕಣ ಹಾದುಹೋದಾಗ ಟಿಕ್ ಅನ್ನುವ ಕೊಳವೆ ಮಾಡಿದರು. ಮೊದಲನೆಯದರ ದಾರಿ ಹಿಡಿದು ಹೋದರೆ ಟ್ರಾನ್ಸಿಸ್ಟರ್, ಅಂದರೆ ಕಂಪ್ಯೂಟರಿನೊಳಗೆ ವಿದ್ಯುತ್ತನ್ನು ಬಿಡುವ, ತಡೆಯುವ ಪುಟ್ಟ ಸ್ವಿಚ್ ಸಿಗುತ್ತದೆ. ಎರಡನೆಯದರ ದಾರಿಯಲ್ಲಿ ಎಲೆಕ್ಟ್ರಾನಿಕ್ ಎಣಿಕೆ ಸಿಗುತ್ತದೆ. ಇವರು ಯಾರಿಗೂ ಕಂಪ್ಯೂಟರ್ ಮಾಡುವ ಯೋಚನೆ ಇರಲಿಲ್ಲ. ಜಗತ್ತು ಯಾವುದರಿಂದ ಆಗಿದೆ ಅಂತ ನೋಡುತ್ತಿದ್ದರು.

"ಎಣಿಸೋದಕ್ಕೂ ಕಂಪ್ಯೂಟರ್‌ಗೂ ಏನು ಸಂಬಂಧ?" ಅಂದಳು. "ನಾಳೆ ಎಸ್‌ಪಿ ರೋಡ್‌ನಲ್ಲಿ ಹೇಳ್ತೀನಿ" ಅಂದೆ.

ರಾಮನ್ ಕೂಡಿಟ್ಟ ಹರಳು, ಖನಿಜ, ಚಿಪ್ಪುಗಳ ಸಂಗ್ರಹ ನೋಡಿದೆವು. ಬಣ್ಣ ಅಂದರೆ ಅವರಿಗೆ ಎಷ್ಟು ಪ್ರೀತಿ ಇತ್ತು ಅಂತ ಅದನ್ನು ನೋಡಿದರೆ ತಿಳಿಯುತ್ತದೆ. ಇದೇ ಸಂಸ್ಥೆಯಲ್ಲಿ ಈಗ ಬೆಳಕಿನ ಒಂದೊಂದೇ ಕಣ, ಅಂದರೆ ಫೋಟಾನ್, ಹಿಡಿದು ಕ್ವಾಂಟಂ ಮಾಹಿತಿಯ ಪ್ರಯೋಗ ನಡೆಸುತ್ತಾರೆ. ನಿಸರ್ಗ ನಡೆಯುವುದೇ ಕ್ವಾಂಟಂ ರೀತಿಯಲ್ಲಿ, ಹಾಗಾದರೆ ಅದನ್ನು ಲೆಕ್ಕ ಹಾಕುವ ಯಂತ್ರವೂ ಹಾಗೇ ಇರಬೇಕಲ್ಲವೇ ಎಂದು ರಿಚರ್ಡ್ ಫೈನ್‌ಮನ್ 1981ರಲ್ಲೇ ವಾದಿಸಿದ್ದರು. ಅವರೂ ಭೌತ ವಿಜ್ಞಾನಿಯೇ. ಪುಟ್ಟಿ ಇದನ್ನು ಮೊಬೈಲಿನಲ್ಲಿ ಬರೆದುಕೊಂಡಳು. ಅವಳ ಕ್ಲಾಸಿನಲ್ಲಿ ಕ್ವಾಂಟಂ ಕಂಪ್ಯೂಟರ್ ಅಂದರೆ ಎಲ್ಲರಿಗೂ ಕುತೂಹಲವಂತೆ.

ಎರಡನೆಯ ದಿನ, ಶುಕ್ರವಾರ

ಎಸ್‌ಪಿ ರೋಡ್‌ಗೆ ಹೋಗುವವರು ಹಸಿರು ಮೆಟ್ರೊ ಹಿಡಿದು ಕೆ.ಆರ್. ಮಾರುಕಟ್ಟೆಯಲ್ಲಿ ಇಳಿದು ನಡೆಯುವುದು ಒಳ್ಳೆಯದು. ಕಾರು ತಂದರೆ ನಿಲ್ಲಿಸಲು ಜಾಗ ಇಲ್ಲ. ಭಾನುವಾರ ಹೆಚ್ಚಿನ ಅಂಗಡಿ ಬಾಗಿಲು ಹಾಕಿರುತ್ತವೆ. ನಾವು ಮೊದಲು ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ಹಾದುಹೋದೆವು. ಸೇವಂತಿಗೆ ಗುಡ್ಡೆ, ಕನಕಾಂಬರದ ಬುಟ್ಟಿ, ಕಾಲಡಿಯಲ್ಲಿ ಕೆಸರು. ಒಂದು ಮೊಳ ಮಲ್ಲಿಗೆ ತೆಗೆದುಕೊಂಡೆ.

ಸದರ್ ಪತ್ರಪ್ಪ ರಸ್ತೆ ಅಂದರೆ ಸಂದಿಯೊಳಗೆ ಸಂದಿ. ಮಾಳಿಗೆ ಮೇಲೆ ಮಾಳಿಗೆ ಅಂಗಡಿ. ಕೇಬಲ್ ಸುರುಳಿ, ಬಿಚ್ಚಿದ ಲ್ಯಾಪ್‌ಟಾಪ್, ಮೋಟಾರು, ಸೋಲ್ಡರ್ ಹೊಗೆಯ ವಾಸನೆ. ತಳ್ಳುಗಾಡಿ ಬಂದರೆ ಗೋಡೆಗೆ ಅಂಟಿ ನಿಲ್ಲಬೇಕು. ಪುಟ್ಟಿ ಹಿಂದೊಮ್ಮೆ ಕೀಬೋರ್ಡ್ ಕೊಳ್ಳಲು ಬಂದಿದ್ದಳಂತೆ. ಬಿಡಿಭಾಗಗಳ ಸಾಲಿಗೆ ಬಂದಿರಲಿಲ್ಲ.

ನಾಲ್ಕನೆಯ ಅಂಗಡಿಯಲ್ಲಿ ನನಗೆ ಬೇಕಾದ್ದು ಸಿಕ್ಕಿತು. ಎರಡು ಎಸ್‌ಎಲ್ 100 ಟ್ರಾನ್ಸಿಸ್ಟರ್, ಎರಡು ಪುಶ್ ಬಟನ್, ಎರಡು ಕೆಂಪು ಎಲ್‌ಇಡಿ, ವಿದ್ಯುತ್ ಹರಿವಿಗೆ ತಡೆ ಒಡ್ಡುವ ಐದಾರು ರೆಸಿಸ್ಟರ್, ಬೆಸುಗೆ ಇಲ್ಲದೆ ಇವನ್ನೆಲ್ಲ ಚುಚ್ಚಿ ಜೋಡಿಸುವ ಬ್ರೆಡ್‌ಬೋರ್ಡ್, ಒಂಬತ್ತು ವೋಲ್ಟ್ ಬ್ಯಾಟರಿ. ಅಂಗಡಿಯವರಿಗೆ ಎಪ್ಪತ್ತು ದಾಟಿತ್ತು. "ಸ್ಕೂಲ್ ಪ್ರಾಜೆಕ್ಟಾ ಅಮ್ಮ?" ಅಂದರು. ನಾನು ಫಿಸಿಕ್ಸ್ ಮೇಡಂ ಅಂದಾಗ ಮುಖ ಅರಳಿತು. ಮೇಲಿನ ಶೆಲ್ಫಿನಿಂದ ಒಂದು ಹಳೆಯ ರಟ್ಟಿನ ಪೆಟ್ಟಿಗೆ ಇಳಿಸಿದರು. ಒಳಗೆ ಹತ್ತಿಯಲ್ಲಿ ಸುತ್ತಿದ ಗಾಜಿನ ವಾಲ್ವ್. ಮಾರುವುದಕ್ಕಲ್ಲ. ಅವರ ತಂದೆಯ ಕಾಲದ್ದು.

"ರೇಡಿಯೊ ಹಾಕಿದ್ರೆ ಇದು ಬಿಸಿ ಆಗೋ ತನಕ ಕಾಯ್ಬೇಕಿತ್ತಮ್ಮ. ಆಮೇಲೇ ಅದು ಮಾತಾಡ್ತಿದ್ದಿದ್ದು. ಆಗೆಲ್ಲ ನಮ್ಮ ಜಾಲಹಳ್ಳಿ ಬಿಇಎಲ್‌ನಲ್ಲೇ ವಾಲ್ವ್ ಮಾಡ್ತಿದ್ರು. ಆಮೇಲೆ ಟ್ರಾನ್ಸಿಸ್ಟರ್ ಮಾಡಿದ್ರು."

ಪುಟ್ಟಿ ವಾಲ್ವನ್ನು ಬೆಳಕಿಗೆ ಹಿಡಿದು ನೋಡಿದಳು. ಒಳಗೆ ಸಣ್ಣ ತಂತಿ, ಅದರ ಸುತ್ತ ಜಾಲರಿ, ಹೊರಗೆ ತಗಡಿನ ಕೊಳವೆ. ತಂತಿ ಕಾದರೆ ಎಲೆಕ್ಟ್ರಾನ್ ಹೊರಗೆ ಚಿಮ್ಮುತ್ತದೆ. ಜಾಲರಿ ಅದನ್ನು ಬಿಡುತ್ತದೆ ಅಥವಾ ತಡೆಯುತ್ತದೆ. ಹೊಲದ ಕಾಲುವೆಗೆ ಮಣ್ಣು ಎಳೆದು ನೀರು ತಿರುಗಿಸುವ ಹಾಗೆ. ಕಾದ ತಂತಿಯಿಂದ ಎಷ್ಟು ಎಲೆಕ್ಟ್ರಾನ್ ಬರುತ್ತದೆ ಅನ್ನುವ ನಿಯಮ ಕೊಟ್ಟ ಓವೆನ್ ರಿಚರ್ಡ್‌ಸನ್‌ಗೆ ಸಿಕ್ಕ ಭೌತಶಾಸ್ತ್ರದ ನೊಬೆಲ್ ಕೂಡ 1928ರ ಸಾಲಿನದೇ. "ಆ ವರ್ಷ ಏನ್ ದೊಡ್ಡಮ್ಮ, ಎಲ್ಲ ಒಟ್ಟಿಗೆ ಆಗಿದೆ" ಅಂದಳು. ನನಗೂ ಯಾವಾಗಲೂ ಹಾಗೇ ಅನ್ನಿಸುತ್ತದೆ.

ಅಂಗಡಿಯವರು ಎರಡು ರೆಸಿಸ್ಟರ್ ಜಾಸ್ತಿ ಹಾಕಿಕೊಟ್ಟರು. "ಬೇಕಾಗತ್ತೆ, ಇಟ್ಕೊಳ್ಳಿ" ಅಂದರು. ಮಧ್ಯಾಹ್ನ ಒಂದು ಸಣ್ಣ ಹೋಟೆಲಿನಲ್ಲಿ ಮುದ್ದೆ, ಸೊಪ್ಪಿನ ಸಾರು ಉಂಡೆವು. ಮುದ್ದೆ ಬಿಸಿಬಿಸಿ ಇತ್ತು. ಹೊಟ್ಟೆ ತಣ್ಣಗಾಯಿತು.

ಸಂಜೆ ತಮ್ಮನ ಮನೆಯ ಟೆರೇಸ್ ಮೇಲೆ ಕೂತೆವು. ಎರಡು ಟ್ರಾನ್ಸಿಸ್ಟರ್ ಒಂದರ ಕೆಳಗೆ ಒಂದು. ಒಂದೊಂದಕ್ಕೆ ಒಂದೊಂದು ಬಟನ್. ಮೇಲೆ ಎಲ್‌ಇಡಿ. ಪುಟ್ಟಿ ಆತುರದಲ್ಲಿ ರೆಸಿಸ್ಟರ್ ಇಲ್ಲದೆ ಎಲ್‌ಇಡಿಯನ್ನು ನೇರ ಬ್ಯಾಟರಿಗೆ ಮುಟ್ಟಿಸಿ ನೋಡಿದಳು. ಒಂದು ಕ್ಷಣ ಜೋರಾಗಿ ಬೆಳಗಿ ಸತ್ತುಹೋಯಿತು. ಇನ್ನೊಂದು ಇತ್ತು, ಪುಣ್ಯ. ಆಮೇಲೆ ಎಷ್ಟು ಒತ್ತಿದರೂ ದೀಪ ಬರಲಿಲ್ಲ. ಅರ್ಧ ಗಂಟೆ ಹುಡುಕಿದ ಮೇಲೆ ಗೊತ್ತಾಯಿತು, ನಾನೇ ಒಂದು ಟ್ರಾನ್ಸಿಸ್ಟರ್‌ನ ಕಾಲು ತಿರುಗಾಮುರುಗಾ ಹಾಕಿದ್ದೆ. ಎಸ್‌ಎಲ್ 100ರ ಲೋಹದ ಟೋಪಿಗೆ ಒಂದು ಪುಟ್ಟ ಮೂತಿ ಇರುತ್ತದೆ. ಅದರ ಪಕ್ಕದ ಕಾಲೇ ಎಮಿಟರ್. ಸರಿ ಮಾಡಿದೆ. ಒಂದು ಬಟನ್ ಒತ್ತಿದರೆ ಏನೂ ಇಲ್ಲ. ಇನ್ನೊಂದು ಒತ್ತಿದರೂ ಇಲ್ಲ. ಎರಡನ್ನೂ ಒಟ್ಟಿಗೆ ಒತ್ತಿದಾಗ ಕೆಂಪು ದೀಪ ಹತ್ತಿತು.

"ಆ್ಯಂಡ್ ಗೇಟ್!" ಅಂದಳು. ಎರಡೂ ಹೌದು ಅಂದರೆ ಮಾತ್ರ ಹೌದು ಅನ್ನುವ ಸರ್ಕಿಟ್ ಅದು, ಕಂಪ್ಯೂಟರ್ ಕಟ್ಟುವ ಇಟ್ಟಿಗೆ. ಅವಳಿಗೆ ಅದು ಸತ್ಯ ಕೋಷ್ಟಕದಲ್ಲಿ, ಸೊನ್ನೆ ಒಂದರ ಪಟ್ಟಿಯಾಗಿ ಗೊತ್ತಿತ್ತು. ಬೆರಳಿನಲ್ಲಿ ಗೊತ್ತಿರಲಿಲ್ಲ.

ಆಗ ಹೇಳಿದೆ. ಇದನ್ನು ಎಲೆಕ್ಟ್ರಾನಿಕ್ಸ್‌ನಲ್ಲಿ ಮೊದಮೊದಲು ಮಾಡಿದ್ದು ಕಂಪ್ಯೂಟರ್‌ನವರಲ್ಲ. 1930ರಲ್ಲಿ ಇಟಲಿಯ ಬ್ರೂನೊ ರೋಸಿ, ಇಪ್ಪತ್ತೈದರ ಹುಡುಗ, ಕಾಸ್ಮಿಕ್ ಕಿರಣ ಹಿಡಿಯಲು ಹೊರಟಿದ್ದ. ಆಕಾಶದಿಂದ ಬೀಳುವ ಕಣ ಒಂದರ ಮೇಲೊಂದು ಇಟ್ಟ ಗೈಗರ್ ಕೊಳವೆಗಳನ್ನು ತೂರಿಕೊಂಡು ಹೋಗುತ್ತದೆ. ಎಲ್ಲ ಕೊಳವೆಯೂ ಒಂದೇ ಹೊತ್ತಿಗೆ ಟಿಕ್ ಅಂದರೆ ಮಾತ್ರ ಅದು ಮೇಲಿಂದ ಬಂದ ಕಣ. ಒಂದೇ ಟಿಕ್ ಅಂದರೆ ಸುಮ್ನೆ ಗದ್ದಲ. ಅದಕ್ಕಾಗಿ ರೋಸಿ ವಾಲ್ವ್‌ಗಳನ್ನು ಜೋಡಿಸಿ ಸರ್ಕಿಟ್ ಮಾಡಿದ. ನಮ್ಮ ಬೋರ್ಡಿನ ಜೋಡಣೆ ಬೇರೆ, ತರ್ಕ ಅದೇ. ಎರಡು ವರ್ಷದಲ್ಲಿ ಕೇಂಬ್ರಿಜ್‌ನ ಕ್ಯಾವೆಂಡಿಶ್ ಪ್ರಯೋಗಾಲಯದಲ್ಲಿ ವಿನ್ ವಿಲಿಯಮ್ಸ್, ಕಣಗಳು ಬೇಗ ಬೇಗ ಬಂದರೆ ಎಣಿಸಲು ಆಗುವುದಿಲ್ಲ ಎಂದು, ಎರಡಕ್ಕೊಂದು ಎಣಿಸುವ ಸರ್ಕಿಟ್ ಮಾಡಿದರು. ಅದೇ ಬೈನರಿ, ಅಂದರೆ ಸೊನ್ನೆ ಒಂದು ಎರಡೇ ಅಂಕಿಯ ಎಣಿಕೆ. ಯುದ್ಧದ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಗುಪ್ತ ಸಂದೇಶ ಒಡೆಯುವ ಯಂತ್ರಗಳಿಗೆ ಅವರನ್ನೇ ಕರೆದರು. ಅಮೆರಿಕದಲ್ಲಿ ಎನಿಯಾಕ್ ಅನ್ನುವ ಆರಂಭದ ಎಲೆಕ್ಟ್ರಾನಿಕ್ ಕಂಪ್ಯೂಟರಿನ ಯೋಚನೆ ಹುಟ್ಟಿಸಿದ ಜಾನ್ ಮಾಕ್ಲಿ ಭೌತಶಾಸ್ತ್ರದ ಮೇಷ್ಟ್ರು. ಹವಾಮಾನದ ಲೆಕ್ಕ ಮಾಡಬೇಕೆಂದು ಒದ್ದಾಡುತ್ತಿದ್ದವರು. ಕಾಸ್ಮಿಕ್ ಕಿರಣದವರ ಎಣಿಕೆ ಸರ್ಕಿಟ್ ನೋಡಿಯೇ ಅವರಿಗೆ ವಾಲ್ವ್‌ನಿಂದ ಲೆಕ್ಕ ಮಾಡಿಸಬಹುದು ಅನ್ನಿಸಿದ್ದು.

ತಮ್ಮನ ಹೆಂಡತಿ ಕಾಫಿ ತಂದಳು. ನಾನು ಮಾತಾಡುತ್ತ ಕೂತು ಲೋಟದ ಮೇಲೆ ಕೆನೆ ಕಟ್ಟಿತ್ತು.

ಮೂರನೆಯ ದಿನ, ಶನಿವಾರ

ಓಪನ್ ಡೇಗೆ ಹೋಗುವವರು ಬೆಳಿಗ್ಗೆ ಒಂಬತ್ತಕ್ಕೆ ಗೇಟಿನಲ್ಲಿ ಇರಬೇಕು. ಹನ್ನೊಂದರ ಮೇಲೆ ಜಾತ್ರೆ. ನೀರಿನ ಬಾಟಲಿ, ಟೋಪಿ, ಗಟ್ಟಿ ಪಾದರಕ್ಷೆ ಬೇಕೇ ಬೇಕು. ನನ್ನದು ಹಳೆಯ ಚಪ್ಪಲಿ. ಮುಖ್ಯ ಕಟ್ಟಡದ ಮುಂದೆ ಜಮ್‌ಶೆಟ್‌ಜಿ ಟಾಟಾ ಪ್ರತಿಮೆ ನೋಡುತ್ತ ನಿಂತಿದ್ದೆ. ಹಿಂದಿನಿಂದ ಬಂದ ಮಕ್ಕಳ ಗುಂಪಿನ ನಡುವೆ ಸಿಕ್ಕಿ ಚಪ್ಪಲಿಯ ಉಂಗುಷ್ಟ ಕಿತ್ತುಹೋಯಿತು. ಪುಟ್ಟಿ ಮುಂದೆ ಹೋಗಿಬಿಟ್ಟಿದ್ದಳು. ಫೋನ್ ಮಾಡಿದರೆ ನೆಟ್‌ವರ್ಕ್ ಇಲ್ಲ. ಅಷ್ಟು ಜನ ಒಂದೇ ಕಡೆ ಸೇರಿದರೆ ಹಾಗೇ ಆಗುತ್ತದೆ. ಬೆಳಿಗ್ಗೆಯೇ ಒಂದು ಜಾಗ ಗೊತ್ತು ಮಾಡಿಕೊಂಡು, ತಪ್ಪಿಸಿಕೊಂಡರೆ ಅಲ್ಲಿ ಸೇರೋಣ ಎಂದು ಮಾತಾಡಿಕೊಳ್ಳಬೇಕಿತ್ತು. ಒಂದು ಕಾಲಿನ ಚಪ್ಪಲಿ ಕೈಯಲ್ಲಿ ಹಿಡಿದು ಅರ್ಧ ಗಂಟೆ ಹುಡುಕಿದೆ. ನೆಲ ಕಾಯುತ್ತಿತ್ತು.

ಕೊನೆಗೆ ಸಿಕ್ಕಿದ್ದು ಭೌತಶಾಸ್ತ್ರದ ಕಡೆ, ಒಂದು ಮೇಜಿನ ಮುಂದೆ. ಅವಳು ನನ್ನನ್ನು ನೋಡಲೇ ಇಲ್ಲ. ಮೇಜಿನ ಮೇಲೆ ಕಪ್ಪು ಟೇಪ್ ಸುತ್ತಿದ ಎರಡು ಹಲಗೆ, ಒಂದರ ಮೇಲೊಂದು. ಪಕ್ಕದಲ್ಲಿ ಅಂಕಿ ಏರುತ್ತಿತ್ತು. ಸಂಶೋಧನೆ ಮಾಡುವ ಹುಡುಗ ಒಬ್ಬ ಕನ್ನಡದಲ್ಲೇ ವಿವರಿಸುತ್ತಿದ್ದ. ಇವು ಮ್ಯೂಯಾನ್ ಕಣಗಳು. ವಾತಾವರಣದ ಮೇಲ್ಭಾಗದಲ್ಲಿ ಕಾಸ್ಮಿಕ್ ಕಿರಣ ಬಡಿದಾಗ ಹುಟ್ಟಿ ಕೆಳಗೆ ಬರುತ್ತವೆ. ನೆಲದ ಮೇಲೆ ಒಂದು ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು ಒಂದು. ಅಂಗೈ ಚಾಚಿದರೆ ಸೆಕೆಂಡಿಗೆ ಒಂದೆರಡು ಅಂಗೈ ತೂರಿ ಹೋಗುತ್ತಿರುತ್ತವೆ.

"ಎರಡೂ ಹಲಗೆ ಒಟ್ಟಿಗೆ ಹೇಳಿದ್ರೆ ಮಾತ್ರ ಎಣಿಸ್ತೀರಾ?" ಪುಟ್ಟಿ ಕೇಳಿದಳು.

"ಹೌದು. ಹೇಗೆ ಗೊತ್ತಾಯ್ತು?"

"ನಿನ್ನೆ ಟೆರೇಸ್ ಮೇಲೆ ಮಾಡಿದ್ವಿ."

ಅವನಿಗೆ ಖುಷಿಯಾಯಿತು. ನನ್ನ ಕೈಯಲ್ಲಿದ್ದ ಚಪ್ಪಲಿ ನೋಡಿ, ಪೆಟ್ಟಿಗೆಯಿಂದ ಕೇಬಲ್ ಟೈ ತೆಗೆದು ಉಂಗುಷ್ಟಕ್ಕೆ ಬಿಗಿದುಕೊಟ್ಟ. ಸಂಜೆವರೆಗೂ ಅದು ತಡೆಯಿತು. ಅವನಿಗೆ ಒಳ್ಳೆಯದಾಗಲಿ.

ಇದೇ ಸಂಸ್ಥೆಯಲ್ಲೇ ಹೋಮಿ ಭಾಭಾ ಈ ಕಣಗಳನ್ನು ಎಣಿಸಿದ್ದು. ಅವರು ಕೇಂಬ್ರಿಜ್‌ನಲ್ಲಿದ್ದವರು. 1939ರಲ್ಲಿ ರಜೆಗೆ ಬಂದಾಗ ಯುದ್ಧ ಶುರುವಾಗಿ ಇಲ್ಲೇ ಉಳಿದರು. ರಾಮನ್ ಇದ್ದ ಭೌತಶಾಸ್ತ್ರ ವಿಭಾಗ ಸೇರಿ ಕಾಸ್ಮಿಕ್ ಕಿರಣದ ಘಟಕ ಕಟ್ಟಿದರು. ಎಣಿಸುವ ಉಪಕರಣವನ್ನು ವಿಮಾನದಲ್ಲಿಟ್ಟು ಬೆಂಗಳೂರಿನ ಆಕಾಶದಲ್ಲಿ ಹಾರಿಸಿದರು. ವಿಕ್ರಮ್ ಸಾರಾಭಾಯಿ ಕೂಡ ಆಗ ಇಲ್ಲೇ ಇದೇ ಕಿರಣಗಳ ಮೇಲೆ ಕೆಲಸ ಮಾಡುತ್ತಿದ್ದರು. ಭಾಭಾ ಕನಸಿನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 1945ರ ಜೂನ್‌ನಲ್ಲಿ ಶುರುವಾದದ್ದು ಬೆಂಗಳೂರಿನಲ್ಲೇ. ಅದೇ ವರ್ಷ ಮುಂಬೈಗೆ ಹೋಯಿತು. ಅಲ್ಲಿ ಆರ್. ನರಸಿಂಹನ್ ಮುಂದಾಳತ್ವದಲ್ಲಿ ಎಳೆಯ ಎಂಜಿನಿಯರುಗಳು ದೇಶದಲ್ಲೇ ಮಾಡಿದ ದೊಡ್ಡ ಡಿಜಿಟಲ್ ಕಂಪ್ಯೂಟರ್ ಟಿಫ್ರ್ಯಾಕ್ ಅನ್ನು 1960ಕ್ಕೆ ನಿಲ್ಲಿಸಿದರು. ಅದರ ಮೆಮೊರಿಯಲ್ಲಿ 2,048 ಪದ, ಅಂದರೆ ಅಂಕಿಗಳ ಗುಂಪು, ಹಿಡಿಯುತ್ತಿತ್ತು. ಪದಕ್ಕೆ 40 ಬಿಟ್. ಬಿಟ್ ಅಂದರೆ ಸೊನ್ನೆ ಅಥವಾ ಒಂದು. ಪುಟ್ಟಿ ಅಲ್ಲೇ ಲೆಕ್ಕ ಹಾಕಿದಳು. ಹತ್ತು ಕಿಲೋಬೈಟ್. "ನನ್ನ ಒಂದು ಫೋಟೊ ಕೂಡ ಹಿಡಿಯಲ್ಲ" ಅಂದಳು. ಭೌತಶಾಸ್ತ್ರದ ಸಂಸ್ಥೆಯೊಂದು ಕಂಪ್ಯೂಟರ್ ಯಾಕೆ ಮಾಡಿತು ಅಂತ ಈಗ ಅವಳು ಕೇಳಲಿಲ್ಲ.

ಮಳೆಮರದ ನೆರಳಿನಲ್ಲಿ ಚುರುಮುರಿ, ಮಜ್ಜಿಗೆ. ಪಕ್ಕದ ಕಟ್ಟೆಯಲ್ಲಿ ಕೂತಿದ್ದ ಹಿರಿಯರೊಬ್ಬರು ಮಾತಿಗೆ ಸಿಕ್ಕರು. ನಿವೃತ್ತ ಎಂಜಿನಿಯರ್. ಎಪ್ಪತ್ತರ ದಶಕದಲ್ಲಿ ಇಲ್ಲಿ ಓದಿದವರು. ಆಗ ಇಲ್ಲಿದ್ದದ್ದು ಐಬಿಎಂ 360/44 ಕಂಪ್ಯೂಟರ್. ಅವರು ಹೇಳಿದ ಕಥೆ ಪುಟ್ಟಿ ಬಾಯಿ ತೆರೆದು ಕೇಳಿದಳು. ಒಂದು ಸಾಲು ಪ್ರೋಗ್ರಾಂಗೆ ಒಂದು ರಟ್ಟಿನ ಕಾರ್ಡ್, ಎಂಬತ್ತು ಕಾಲಂ, ತೂತು ಹೊಡೆಯಬೇಕು. ಕಟ್ಟನ್ನು ಕೌಂಟರಿನಲ್ಲಿ ಕೊಟ್ಟು ಮರುದಿನ ಬಂದರೆ ಉತ್ತರ. ಒಂದು ಕಾಮಾ ಬಿಟ್ಟುಹೋಗಿದ್ದರೆ ಇನ್ನೊಂದು ದಿನ.

"ಒಂದ್ಸಲ ಸೈಕಲ್‌ನಿಂದ ಕಟ್ಟು ಬಿದ್ದು ಮುನ್ನೂರು ಕಾರ್ಡು ರಸ್ತೆ ತುಂಬ ಚೆಲ್ಲಿತಮ್ಮ. ಪುಣ್ಯಕ್ಕೆ ಕಟ್ಟಿನ ಅಂಚಿಗೆ ಓರೆಯಾಗಿ ಒಂದು ಗೆರೆ ಎಳೆದಿದ್ದೆ. ಗೆರೆ ಕೂಡಿಸಿಕೊಂಡು ಜೋಡಿಸಿದೆ. ಕಣ್ಣಲ್ಲಿ ನೀರು ಬಂದಿತ್ತು."

ಇನ್ನೊಂದು ವಿಷಯವನ್ನೂ ಅವರು ನೆನಪಿಸಿದರು. ಅದಕ್ಕೂ ಮುಂಚೆ, ಐವತ್ತರ ದಶಕದಲ್ಲೇ, ಅಮೆರಿಕದಿಂದ ಬಂದ ವಿನ್ಸೆಂಟ್ ರೈಡ್ಔಟ್ ಅನ್ನುವ ಪ್ರೊಫೆಸರ್ ಇಲ್ಲಿ ಪ್ರೇಡಾ ಎಂಬ ಅನಲಾಗ್ ಕಂಪ್ಯೂಟರ್ ಕಟ್ಟಿಸಿದ್ದರು. ಮುಂದೆ ದೇಶಕ್ಕೆಲ್ಲ ಕಂಪ್ಯೂಟರ್ ಪಾಠ ಹೇಳಿದ ವಿ. ರಾಜಾರಾಮನ್ ಅದರ ಮೇಲೆ ಕೆಲಸ ಕಲಿತವರು. ಅನಲಾಗ್ ಯಂತ್ರ ಅಂಕಿ ಎಣಿಸುವುದಿಲ್ಲ. ಸ್ಪ್ರಿಂಗಿಗೆ ಕಟ್ಟಿದ ಗುಂಡು ತೂಗುವ ಸಮೀಕರಣವೇ ಅದರೊಳಗೆ ವೋಲ್ಟೇಜ್ ಆಗಿ ತೂಗುತ್ತದೆ. ಲೆಕ್ಕ ಮಾಡಿಸಲು ಒಂದು ಭೌತ ವಸ್ತುವಿನ ಬದಲು ಇನ್ನೊಂದು ಭೌತ ವಸ್ತು. ಕಂಪ್ಯೂಟರ್ ಅಂದರೆ ಏನು ಅಂತ ನನಗೆ ತುಂಬ ತಟ್ಟಿದ ಉದಾಹರಣೆ ಅದು. ತರಗತಿಯಲ್ಲಿ ಪ್ರತಿ ವರ್ಷ ಹೇಳುತ್ತೇನೆ.

ಸ್ಪ್ರಿಂಗ್ ಮಾತು ಬಂದಾಗ ನಾನು ಮೇರಿ ಸಿಂಗೌ ಕಥೆ ತೆಗೆದೆ. 1953ರ ಹೊತ್ತು, ಅಮೆರಿಕದ ಲಾಸ್ ಅಲಾಮೋಸ್. ಎನ್ರಿಕೊ ಫರ್ಮಿ, ಜಾನ್ ಪಾಸ್ತಾ, ಸ್ಟಾನಿಸ್ಲಾ ಉಲಾಮ್ ಅನ್ನುವ ಮೂವರು ವಿಜ್ಞಾನಿಗಳಿಗೆ ಒಂದು ಪ್ರಶ್ನೆ. ಸಾಲಾಗಿ ಸ್ಪ್ರಿಂಗಿನಿಂದ ಕಟ್ಟಿದ ಗುಂಡುಗಳು. ಸ್ಪ್ರಿಂಗ್ ಸ್ವಲ್ಪ ಸೊಟ್ಟ ಸ್ವಭಾವದ್ದು, ಎಳೆದ ಅಳತೆಗೆ ಸರಿಯಾಗಿ ಅದರ ಬಲ ಬೆಳೆಯುವುದಿಲ್ಲ. ಒಂದು ಬಗೆಯ ಕಂಪನಕ್ಕೆ ಶಕ್ತಿ ಕೊಟ್ಟರೆ ಅದು ನಿಧಾನವಾಗಿ ಎಲ್ಲದಕ್ಕೂ ಹಂಚಿಹೋಗಬೇಕು ಅಂತ ಎಲ್ಲರ ನಂಬಿಕೆ. ಮ್ಯಾನಿಯಾಕ್ ಕಂಪ್ಯೂಟರ್‌ನಲ್ಲಿ ಲೆಕ್ಕ ಓಡಿಸಿದರು. ಶಕ್ತಿ ಹಂಚಿಹೋದ ಹಾಗೆ ಮಾಡಿ, ಸ್ವಲ್ಪ ಹೊತ್ತಿನ ಮೇಲೆ ಹೆಚ್ಚುಕಡಿಮೆ ಪೂರ್ತಿ ಮೊದಲಿನ ಜಾಗಕ್ಕೇ ವಾಪಸ್ ಬಂತು! ಯಾರೂ ಎಣಿಸಿರಲಿಲ್ಲ. ಕಂಪ್ಯೂಟರ್ ಭೌತಶಾಸ್ತ್ರಕ್ಕೆ ಹೊಸದೊಂದನ್ನು ತೋರಿಸಿತು. ಆ ಪ್ರೋಗ್ರಾಂ ಬರೆದು ಓಡಿಸಿದ್ದು ಮೇರಿ ಸಿಂಗೌ. 1955ರ ವರದಿಯಲ್ಲಿ ಲೇಖಕರ ಹೆಸರು ಮೂರು. ಮೇರಿಗೆ ಸಿಕ್ಕಿದ್ದು ಅಡಿಟಿಪ್ಪಣಿಯಲ್ಲಿ ಒಂದು ಧನ್ಯವಾದ. ಐವತ್ತು ವರ್ಷ ಕಳೆದ ಮೇಲೆ ಜನ ಆ ಲೆಕ್ಕವನ್ನು ಅವರ ಹೆಸರನ್ನೂ ಸೇರಿಸಿ ಕರೆಯಲು ಶುರು ಮಾಡಿದರು.

"ಕೋಡ್ ಬರೆದೋರು ಅವರು, ಹೆಸರು ಇವರದ್ದಾ?" ಪುಟ್ಟಿಗೆ ನಿಜವಾಗಿ ಸಿಟ್ಟು ಬಂತು. ನನಗೂ ಈ ಕಥೆ ಹೇಳುವಾಗಲೆಲ್ಲ ಗಂಟಲು ಕಟ್ಟುತ್ತದೆ. ನಮ್ಮ ಹೆಣ್ಣುಮಕ್ಕಳು ಈ ಹೆಸರು ತಿಳಿದಿರಲೇಬೇಕು.

ಸೂಪರ್ ಕಂಪ್ಯೂಟರ್ ಕೇಂದ್ರದ ಹತ್ತಿರ ಹೋದಾಗ ಮೂರು ಗಂಟೆ. ಯಂತ್ರದ ಕೋಣೆಯೊಳಗೆ ಹೋಗಲಿಲ್ಲ. ಇಲ್ಲಿ 2022ರಲ್ಲಿ ಬಂದ ಪರಮ್ ಪ್ರವೇಗದ ಬಲ 3.3 ಪೆಟಾಫ್ಲಾಪ್, ಅಂದರೆ ಸೆಕೆಂಡಿಗೆ 3,300 ಲಕ್ಷ ಕೋಟಿ ಲೆಕ್ಕ. ಎನಿಯಾಕ್ ಸೆಕೆಂಡಿಗೆ 5,000 ಕೂಡುತ್ತಿತ್ತು. ಕೃತಕ ಬುದ್ಧಿಮತ್ತೆಯ ಒಂದು ಪೋಸ್ಟರ್ ಮುಂದೆ ಪುಟ್ಟಿ ನಿಂತಳು. 2024ರ ಭೌತಶಾಸ್ತ್ರದ ನೊಬೆಲ್ ಜಾನ್ ಹಾಪ್‌ಫೀಲ್ಡ್, ಜೆಫ್ರಿ ಹಿಂಟನ್ ಅವರಿಗೆ, ನರಜಾಲದ, ಅಂದರೆ ಮಿದುಳಿನ ನರಕೋಶಗಳ ಮಾದರಿಯ ಲೆಕ್ಕದ ಜಾಲದ ಕೆಲಸಕ್ಕೆ. ಹಾಪ್‌ಫೀಲ್ಡ್ 1982ರಲ್ಲಿ ನೆನಪಿನ ಮಾದರಿ ಕಟ್ಟಿದ್ದು ಅಯಸ್ಕಾಂತದೊಳಗೆ ಪುಟ್ಟ ಪುಟ್ಟ ಅಯಸ್ಕಾಂತದ ಹಾಗೆ ಇರುವ ಸ್ಪಿನ್‌ಗಳ ಭೌತಶಾಸ್ತ್ರದಿಂದ. ಅವಳು ಏನೂ ಹೇಳಲಿಲ್ಲ. ಪೋಸ್ಟರ್ ಫೋಟೊ ತೆಗೆದಳು.

ಗೇಟಿನ ಹೊರಗೆ ಚಪ್ಪಲಿ ಹೊಲಿಯುವವರು ಕೇಬಲ್ ಟೈ ನೋಡಿ, "ಯಾರು ಮಾಡಿದ್ದು ಇದು? ಚೆನ್ನಾಗೇ ಕಟ್ಟಿದಾರೆ" ಎಂದು ಅದನ್ನು ಬಿಟ್ಟೇ ಮೇಲೆ ಎರಡು ಹೊಲಿಗೆ ಹಾಕಿಕೊಟ್ಟರು.

ನಾಲ್ಕನೆಯ ದಿನ, ಭಾನುವಾರ

ಸಂಜೆ ರೈಲು. ಬೆಳಿಗ್ಗೆ ಒಂಬತ್ತೂವರೆಗೆ ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ತೆರೆಯುವ ಹೊತ್ತಿಗೇ ಹೋದೆವು. ಇದನ್ನು 1962ರಲ್ಲಿ ನೆಹರೂ ಉದ್ಘಾಟಿಸಿದ್ದು. ರೈಟ್ ಸಹೋದರರ ವಿಮಾನದ ಮಾದರಿ ಮುಂದೆ ಮಕ್ಕಳ ಗಲಾಟೆ. ನಾವು ಎಂಜಿನ್ ಹಾಲ್‌ಗೆ ಹೋದೆವು. ಉಗಿ ಎಂಜಿನ್ ಮುಂದೆ ನಿಂತಾಗ ಪುಟ್ಟಿ, "ಇದಕ್ಕಂತೂ ಕಂಪ್ಯೂಟರ್ ಸಂಬಂಧ ಇಲ್ಲ ಅಲ್ವಾ?" ಅಂದಳು.

ಇದೆ. ಅವಳ ಕೈಯಲ್ಲಿದ್ದ ಮೊಬೈಲ್ ಮುಟ್ಟಿ ನೋಡಲು ಹೇಳಿದೆ. ಬೆಳಗಿನಿಂದ ವಿಡಿಯೊ ತೆಗೆದು ತೆಗೆದು ಬಿಸಿಯಾಗಿತ್ತು. ಉಗಿ ಎಂಜಿನ್‌ನಿಂದ ಎಷ್ಟು ಕೆಲಸ ತೆಗೆಯಬಹುದು ಎಂದು 1824ರಲ್ಲಿ ಫ್ರಾನ್ಸಿನ ಎಂಜಿನಿಯರ್ ಕಾರ್ನೊ ಕೇಳಿದ. ಅಲ್ಲಿಂದ ಶಾಖದ ನಿಯಮಗಳು ಹುಟ್ಟಿದವು. ಶಾಖ ತಾನಾಗಿ ಬಿಸಿಯಿಂದ ತಣ್ಣನೆಯ ಕಡೆಗೇ ಹರಿಯುತ್ತದೆ ಅನ್ನುವುದು ಅದರಲ್ಲೊಂದು. ಅಣುಗಳನ್ನು ನೋಡಿ ನೋಡಿ ಬಾಗಿಲು ತೆಗೆದು ಹಾಕುವ ಒಬ್ಬ ಪುಟ್ಟ ಕಾವಲುಗಾರ ಇದ್ದರೆ ಆ ನಿಯಮ ಮುರಿಯಬಹುದಲ್ಲ ಎಂದು ಮ್ಯಾಕ್ಸ್‌ವೆಲ್ ಯೋಚಿಸಿದರು. ಆ ಒಗಟು ಕಾಡುತ್ತಲೇ ಇತ್ತು. 1961ರಲ್ಲಿ ಐಬಿಎಂನ ರಾಲ್ಫ್ ಲ್ಯಾಂಡಾವರ್, ಒಂದು ಬಿಟ್ ಅಳಿಸಿದರೂ ಸ್ವಲ್ಪ ಶಾಖ ಹೊರಗೆ ಹೋಗಲೇಬೇಕು ಅಂತ ತೋರಿಸಿದರು. ಕಾವಲುಗಾರನೂ ನೋಡಿದ್ದನ್ನು ಎಂದಾದರೂ ಮರೆಯಬೇಕಲ್ಲ, ಅಲ್ಲಿ ಲೆಕ್ಕ ಸರಿಹೋಗುತ್ತದೆ. ಎಷ್ಟು ಶಾಖ? ಒಂದು ಜೂಲನ್ನು ಲಕ್ಷ ಕೋಟಿ ಚೂರು ಮಾಡಿ, ಅದರಲ್ಲಿ ಒಂದು ಚೂರನ್ನು ಮತ್ತೆ ನೂರು ಕೋಟಿ ಚೂರು ಮಾಡಿದರೆ, ಅಂಥ ಮೂರು ಚೂರು. 2012ರಲ್ಲಿ ಪ್ರಯೋಗದಲ್ಲೂ ಅಳೆದರು. ಇವತ್ತಿನ ಚಿಪ್‌ಗಳು ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಶಾಖ ಬಿಡುತ್ತವೆ. ಆದರೆ ಕೆಳಗಿನ ಗೆರೆ ಎಳೆದದ್ದು ಭೌತಶಾಸ್ತ್ರ.

ಕಬ್ಬನ್ ಪಾರ್ಕ್‌ನಲ್ಲಿ ಬಿದಿರಿನ ಮೆಳೆಯ ಹತ್ತಿರ ಕೂತು ಮನೆಯಿಂದ ತಂದ ಚಿತ್ರಾನ್ನ ತಿಂದೆವು. ಮೋಡ ಕವಿದು ನಾಲ್ಕು ಹನಿ ಬಿತ್ತು. ನೆಲ ವಾಸನೆ ಎದ್ದಿತು, ಮಳೆ ಬರಲಿಲ್ಲ.

ಮೆಟ್ರೊ ಸ್ಟೇಷನ್ನಿನಲ್ಲಿ ಚೀಲ ಎಕ್ಸ್‌ರೇ ಯಂತ್ರದೊಳಗೆ ಹೋಗಿ ಅಲ್ಲೇ ನಿಂತಿತು. ಸೆಕ್ಯುರಿಟಿಯವರು ಕರೆದರು. ವೈರು, ಬ್ಯಾಟರಿ, ಬಟನ್ನು. ಪರದೆಯ ಮೇಲೆ ನೋಡಿದರೆ ಯಾರಿಗಾದರೂ ಅನುಮಾನ ಬರುವಂಥದ್ದೇ. ಬ್ಯಾಟರಿ ಬಿಚ್ಚಿ ಬೇರೆ ಇಡಬೇಕಿತ್ತು, ನನಗೆ ಹೊಳೆಯಲಿಲ್ಲ. ನಾನು ಬಾಯಿ ತೆರೆಯುವ ಮುಂಚೆ ಪುಟ್ಟಿ ಬೋರ್ಡ್ ಹೊರಗೆ ತೆಗೆದಳು.

"ನೋಡಿ ಸರ್, ಇದು ಒತ್ತಿದ್ರೆ ಏನೂ ಆಗಲ್ಲ. ಇದು ಒತ್ತಿದ್ರೂ ಆಗಲ್ಲ. ಎರಡೂ ಒಟ್ಟಿಗೆ ಒತ್ತಿ."

ಅವರು ಎರಡು ಹೆಬ್ಬೆರಳಿನಲ್ಲಿ ಒತ್ತಿದರು. ದೀಪ ಹತ್ತಿತು. ಬಿಟ್ಟು ಮತ್ತೆ ಒತ್ತಿದರು. "ನಮ್ಮ ಹುಡುಗ ಎಂಟನೇ ಕ್ಲಾಸು. ಎಲ್ಲಿ ಸಿಗತ್ತೆ ಇದು?" ಅಂದರು. ಹಿಂದೆ ಸಾಲು ಬೆಳೆಯುತ್ತಿತ್ತು. ಪುಟ್ಟಿ ಎಸ್‌ಪಿ ರೋಡ್ ಅಂಗಡಿಯ ಗುರುತು ಹೇಳಿ, "ರೆಸಿಸ್ಟರ್ ಮರೀಬೇಡಿ, ಇಲ್ಲಾಂದ್ರೆ ಎಲ್‌ಇಡಿ ಸುಟ್ಟೋಗತ್ತೆ" ಅಂತ ಸೇರಿಸಿದಳು.

ಬೋರ್ಡ್ ಅವಳ ಹತ್ತಿರವೇ ಉಳಿಯಿತು. ನನ್ನ ರೈಲು ತುಮಕೂರು ದಾಟುವಾಗ ಮೆಸೇಜ್ ಬಂತು. "ದೊಡ್ಡಮ್ಮ, ನಾಟ್ ಗೇಟ್‌ಗೆ ಎಷ್ಟು ಟ್ರಾನ್ಸಿಸ್ಟರ್ ಬೇಕು?"

ಒಂದು ಸಾಕು ಅಂತ ಬರೆದೆ.